ತುಮಕೂರಿಗೆ ಓದಲು ಹೊರಟ ನಮ್ಮ ಮಕ್ಕಳು: ಕೋಣೆ ಸಿಕ್ಕರೆ ಸಾಲದು, ಒಲೆಯೂ ಬೇಕು

ಪಿ.ಯು.ಸಿ. ಫಲಿತಾಂಶ ಬಂದು ಸಿಇಟಿ ಸೀಟು ಹಂಚಿಕೆ ಶುರುವಾಗುವ ಹೊತ್ತಿಗೆ ಬಸದಿಯ ಅಂಗಳದಲ್ಲಿ ಪ್ರತಿವರ್ಷ ಒಂದೇ ಮಾತು ಕೇಳಿಬರುತ್ತದೆ: “ಮಗನಿಗೆ ತುಮಕೂರಿನಲ್ಲಿ ಸೀಟು ಸಿಕ್ಕಿದೆ. ಅಲ್ಲಿ ನಮ್ಮವರ ಮನೆ ಯಾವುದಾದರೂ ಖಾಲಿ ಇದೆಯಾ, ಸ್ವಲ್ಪ ವಿಚಾರಿಸಿ ಹೇಳಿ.” ಕೇಳುವವರು ಮಧುಗಿರಿಯವರಿರಬಹುದು, ಶಿರಾದವರಿರಬಹುದು, ಕೊರಟಗೆರೆ ಅಥವಾ ಪಾವಗಡದವರಿರಬಹುದು. ಮೇಲ್ನೋಟಕ್ಕೆ ಇದು ಮನೆಯ ಪ್ರಶ್ನೆ. ಒಳಗಿರುವುದು ಊಟದ ಪ್ರಶ್ನೆ. ಮಲಗಲು ಜಾಗ ತುಮಕೂರಿನಲ್ಲಿ ದುಡ್ಡು ಕೊಟ್ಟರೆ ಸಿಗುತ್ತದೆ. ಕಂದಮೂಲ ಬಿಟ್ಟು, ಸೋಸಿದ ನೀರಿನಲ್ಲಿ ಮಾಡಿದ ಅಡುಗೆ, ಅದೂ ಸೂರ್ಯಾಸ್ತಕ್ಕೆ ಮೊದಲು ಸಿಗುವುದು ಕಷ್ಟ.

ಮೂರು ನಾಲ್ಕು ಮಕ್ಕಳು ಸೇರಿ ಒಂದು ಮನೆ ಬಾಡಿಗೆಗೆ ಹಿಡಿಯುವುದು ಈ ಕಷ್ಟಕ್ಕೆ ಈಗಿರುವ ಅತ್ಯಂತ ಸರಿಯಾದ ದಾರಿ. ಆ ದಾರಿಯಲ್ಲಿ ಅಡ್ಡ ಬರುವುದು ಎರಡೇ: ಒಟ್ಟಿಗೆ ಕೊಡಬೇಕಾದ ಅಡ್ವಾನ್ಸ್ ಮತ್ತು ವಿದ್ಯಾರ್ಥಿಗಳನ್ನು ನಂಬದ ಮಾಲೀಕ. ಎರಡನ್ನೂ ತೆಗೆದುಹಾಕುವ ಶಕ್ತಿ ಕುಟುಂಬವೊಂದಕ್ಕೆ ಇರುವುದಿಲ್ಲ, ಸಮಾಜಕ್ಕೆ ಇದೆ. ಹೇಗೆ ಎಂಬುದನ್ನು ಲೆಕ್ಕ ಸಮೇತ ನೋಡೋಣ.

ನಾಲ್ಕು ತಾಲ್ಲೂಕು, ಒಂದು ನಗರ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕೂ ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಹತ್ತನೆಯ ತರಗತಿವರೆಗೆ ಇಲ್ಲಿನ ಮಕ್ಕಳ ಲೆಕ್ಕವೆಲ್ಲ ಮಧುಗಿರಿಯಲ್ಲೇ. ಪದವಿಗೂ ನಾಲ್ಕು ತಾಲ್ಲೂಕು ಕೇಂದ್ರಗಳಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ. ಬಿ.ಎ., ಬಿ.ಕಾಂ. ಓದುವವರು ಊರಲ್ಲೇ ಉಳಿಯಬಹುದು. ಆದರೆ ಎಂಜಿನಿಯರಿಂಗ್, ವೈದ್ಯಕೀಯ, ಎಂ.ಎಸ್ಸಿ., ಎಂ.ಕಾಂ. ಎಂದರೆ ಬಹುತೇಕ ಮಕ್ಕಳ ಮುಖ ತುಮಕೂರಿನ ಕಡೆಗೆ, ಇಲ್ಲವೇ ಬೆಂಗಳೂರಿನ ಕಡೆಗೆ. ಸಿದ್ಧಗಂಗಾ ತಾಂತ್ರಿಕ ಮಹಾವಿದ್ಯಾಲಯ 1963ರಿಂದ ಇದೆ. ತುಮಕೂರು ವಿಶ್ವವಿದ್ಯಾಲಯ 2004ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದಿಂದ ಬೇರೆಯಾಗಿ ಹುಟ್ಟಿತು. ಜಿಲ್ಲೆಗೆ ತನ್ನದೇ ವಿಶ್ವವಿದ್ಯಾಲಯ ಬಂದಿತಾದರೂ ದೂರ ಕಡಿಮೆಯಾಗಲಿಲ್ಲ.

ದೂರದ ಲೆಕ್ಕ ಹೀಗಿದೆ. ಕೊರಟಗೆರೆಯಿಂದ ತುಮಕೂರಿಗೆ ಸುಮಾರು 26 ಕಿಲೋಮೀಟರ್, ಮಧುಗಿರಿಯಿಂದ ಸುಮಾರು 43, ಶಿರಾದಿಂದ 50ರ ಆಸುಪಾಸು. ಪಾವಗಡದಿಂದ ನೂರರ ಹತ್ತಿರ. ಬಹುಪಾಲು ಆಂಧ್ರಪ್ರದೇಶದಿಂದಲೇ ಸುತ್ತುವರಿದ ಪಾವಗಡದ ಮಕ್ಕಳಿಗೆ ದಿನವೂ ಹೋಗಿಬರುವ ಮಾತೇ ಇಲ್ಲ. ತುಮಕೂರು–ರಾಯದುರ್ಗ ರೈಲು ಮಾರ್ಗ 2007-08ರಲ್ಲಿ ಮಂಜೂರಾಯಿತು, ಶಿರಾ ಮೂಲಕ ಹೋಗುವ ತುಮಕೂರು–ದಾವಣಗೆರೆ ಮಾರ್ಗ 2011-12ರಲ್ಲಿ. ರೈಲು ಓಡುವವರೆಗೆ ಈ ಊರುಗಳಿಗೆ ಬಸ್ಸೇ ಗತಿ.

ನಮ್ಮ ಸಮಾಜಕ್ಕೆ ಈ ನೆಲ ಹೊಸದಲ್ಲ. ಪಾವಗಡ ತಾಲ್ಲೂಕಿನ ನಿಡುಗಲ್ ಬೆಟ್ಟದಲ್ಲಿ ಪಾರ್ಶ್ವನಾಥ ಬಸದಿಯಿದೆ, ಮಧುಗಿರಿಯಲ್ಲಿ ಮಲ್ಲಿನಾಥ ಬಸದಿಯಿದೆ, ತುಮಕೂರಿನ ಹೊರಗೆ ಮಂದರಗಿರಿಯಿದೆ. ಆದರೆ ಇವತ್ತಿನ ಮನೆಗಳ ಸಂಖ್ಯೆ ಸಣ್ಣದು. 2011ರ ಜನಗಣತಿಯಂತೆ ಇಡೀ ರಾಜ್ಯದಲ್ಲಿ ಜೈನರು ಸುಮಾರು 4.4 ಲಕ್ಷ, ಜನಸಂಖ್ಯೆಯ ಶೇಕಡ ಒಂದಕ್ಕಿಂತ ಕಡಿಮೆ. ಅದರಲ್ಲೂ ಹೆಚ್ಚಿನವರು ಬೆಳಗಾವಿ ಭಾಗ, ಕರಾವಳಿ ಮತ್ತು ಬೆಂಗಳೂರಿನಲ್ಲಿ. ಇಲ್ಲಿನ ಒಂದೊಂದು ಊರಿನಿಂದ ವರ್ಷಕ್ಕೆ ಹೊರಡುವವರು ಬೆರಳೆಣಿಕೆಯ ಮಕ್ಕಳು. ಕೆಲವರು ತಲೆಮಾರುಗಳಿಂದ ಇಲ್ಲಿನ ದಿಗಂಬರ ಮನೆಗಳವರು, ಕೆಲವರು ವ್ಯಾಪಾರಕ್ಕೆ ಬಂದು ನೆಲೆಸಿದ ಶ್ವೇತಾಂಬರ ಮನೆಗಳವರು. ಒಂದೇ ಊರಿನಿಂದ ಒಂದು ಮನೆ ತುಂಬುವಷ್ಟು ಮಕ್ಕಳು ಸಿಗುವುದು ಅಪರೂಪ. ನಾಲ್ಕೂ ತಾಲ್ಲೂಕು ಸೇರಿದರೆ ಸಿಗುತ್ತಾರೆ. ಅವರನ್ನು ಒಟ್ಟು ಮಾಡುವವರು ಇಲ್ಲದಿರುವುದೇ ಮೊದಲ ಕೊರತೆ.

ಬಸ್ಸು ಬಿಟ್ಟಿ, ಸಮಯ ಬಿಟ್ಟಿಯಲ್ಲ

2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾಗಿ ರಾಜ್ಯದ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಪ್ರಯಾಣ ಉಚಿತವಾಯಿತು. ಕೊರಟಗೆರೆ, ಮಧುಗಿರಿಯ ಎಷ್ಟೋ ಹೆಣ್ಣುಮಕ್ಕಳ ಓದಿಗೆ ಇದು ನಿಜವಾದ ನೆರವು. ಅದೇ ಹೊತ್ತಿಗೆ ಮನೆಗಳಲ್ಲಿ ಹೊಸದೊಂದು ವಾದವೂ ಹುಟ್ಟಿಕೊಂಡಿದೆ: “ಬಸ್ಸು ಬಿಟ್ಟಿ ಇರುವಾಗ ಅವಳಿಗೆ ಮನೆ ಬಾಡಿಗೆ ಯಾಕೆ ಕಟ್ಟಬೇಕು?” ಗಂಡುಮಗನಿಗೆ ಕೋಣೆ, ಹೆಣ್ಣುಮಗಳಿಗೆ ಬಸ್ಸು ಎಂಬ ಪದ್ಧತಿ ಸದ್ದಿಲ್ಲದೆ ಬೆಳೆಯುವ ಅಪಾಯ ಇಲ್ಲಿದೆ.

ಮಧುಗಿರಿಯಿಂದ ಹೋಗಿಬರುವ ಹುಡುಗಿಗೆ ಬಸ್ಸಿಗೆ ಕಾಯುವುದೂ ಸೇರಿ ದಿನಕ್ಕೆ ಮೂರು ಗಂಟೆ ಹಿಡಿಯುತ್ತದೆ ಎನ್ನಿ. ವರ್ಷಕ್ಕೆ 200 ದಿನ ತರಗತಿ ಎಂದರೆ 600 ಗಂಟೆ. ಪ್ರಯೋಗಾಲಯ, ಗ್ರಂಥಾಲಯ, ಕ್ಯಾಂಪಸ್ ಸಂದರ್ಶನದ ತಯಾರಿ ಎಲ್ಲವೂ ಈ ಗಂಟೆಗಳಿಂದಲೇ ಕಳೆಯಬೇಕು.

ಇನ್ನೊಂದು ಲೆಕ್ಕ ನಮ್ಮ ಮನೆಗಳಿಗೆ ಮಾತ್ರ ಗೊತ್ತಿರುವಂಥದ್ದು. ನಮ್ಮ ಭಾಗದಲ್ಲಿ ಜೂನ್ ಕೊನೆಯಲ್ಲಿ ಸೂರ್ಯಾಸ್ತ ಸಂಜೆ 6.50ರ ಹತ್ತಿರ. ನವೆಂಬರ್ ಹೊತ್ತಿಗೆ 6 ಗಂಟೆಗೂ ಮೊದಲೇ. ಕಾಲೇಜು ನಾಲ್ಕೂವರೆಗೆ ಬಿಟ್ಟರೂ ಐದರ ಬಸ್ಸು ಹಿಡಿದು ಮಧುಗಿರಿ ತಲುಪುವಾಗ ಹೊತ್ತು ಮುಳುಗಿರುತ್ತದೆ. ರಾತ್ರಿ ಭೋಜನ ತ್ಯಾಗದ ನಿಯಮವಿರುವ ಮಗು ವರ್ಷದ ಅರ್ಧ ಕಾಲ ಮಧ್ಯಾಹ್ನದ ಡಬ್ಬಿಯ ಮೇಲೆಯೇ ಮರುದಿನ ಬೆಳಿಗ್ಗೆವರೆಗೆ ಇರಬೇಕು, ಇಲ್ಲವೇ ನಿಯಮ ಬಿಡಬೇಕು. ಕಾಲೇಜು ಶುರುವಾಗುವುದೂ ಚಾತುರ್ಮಾಸ ಆರಂಭವಾಗುವುದೂ ಹೆಚ್ಚುಕಡಿಮೆ ಒಂದೇ ಕಾಲದಲ್ಲಿ. ಹೊಸ ಊರಿಗೆ ಹೊಂದಿಕೊಳ್ಳುವ ಮೊದಲೇ ಪರ್ಯುಷಣ, ದಶಲಕ್ಷಣ ಪರ್ವ ಬಂದುಬಿಡುತ್ತದೆ. ಮನೆಯಿಂದ ಹೊರಟ ಮೊದಲ ನಾಲ್ಕು ತಿಂಗಳಲ್ಲೇ ನಿಯಮ ಉಳಿಯುತ್ತದೆಯೋ ಸಡಿಲವಾಗುತ್ತದೆಯೋ ಎಂಬುದು ತೀರ್ಮಾನವಾಗುವುದು ಇದಕ್ಕಾಗಿಯೇ.

ಹಾಸ್ಟೆಲ್, ಪಿ.ಜಿ., ಹಂಚಿಕೆಯ ಮನೆ

ಉಳಿಯಲು ಇರುವ ದಾರಿ ಮೂರು. ಕಾಲೇಜಿನ ಅಥವಾ ಸರ್ಕಾರದ ಹಾಸ್ಟೆಲ್ ಮೊದಲನೆಯದು. ರಾಷ್ಟ್ರಮಟ್ಟದಲ್ಲಿ ಜೈನರಿಗೆ ಅಲ್ಪಸಂಖ್ಯಾತ ಸ್ಥಾನ 2014ರ ಜನವರಿಯಲ್ಲಿ ದೊರೆತಿದೆ. ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಯ ಮೆಟ್ರಿಕ್ ನಂತರದ ಹಾಸ್ಟೆಲುಗಳಿಗೆ ನಮ್ಮ ಮಕ್ಕಳೂ ಅರ್ಜಿ ಹಾಕಬಹುದು. ಖರ್ಚು ತೀರ ಕಡಿಮೆ, ಭದ್ರತೆ ಇದೆ. ಆದರೆ ಅಡುಗೆಮನೆ ಎಲ್ಲರಿಗೂ ಒಂದೇ, ಊಟದ ವೇಳೆಯೂ ಒಂದೇ.

ಎರಡನೆಯದು ಪಿ.ಜಿ. ಕೈಗೆ ತಟ್ಟೆ ಬರುತ್ತದೆ, ತೊಳೆಯುವ ಕೆಲಸವಿಲ್ಲ. ರಾತ್ರಿ ಊಟ ಎಂಟರ ಮೇಲೆ. ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ ಇಲ್ಲದ ಸಾರು ಕೇಳಿದರೆ ಮೊಸರನ್ನ ತೋರಿಸುತ್ತಾರೆ. ಪಿ.ಜಿ. ಸೇರುವವರು ಒಂದು ಮಾತು ನೆನಪಿಡಬೇಕು. 2024ರ ಜುಲೈನಿಂದ ಒಬ್ಬರಿಗೆ ತಿಂಗಳಿಗೆ 20,000 ರೂಪಾಯಿವರೆಗಿನ ವಸತಿ ಶುಲ್ಕಕ್ಕೆ, ಸತತ 90 ದಿನಕ್ಕೆ ಕಡಿಮೆಯಿಲ್ಲದೆ ಉಳಿಯುವುದಾದರೆ, ಜಿ.ಎಸ್.ಟಿ. ವಿನಾಯಿತಿ ಇದೆ. ಬಿಲ್ಲಿನಲ್ಲಿ ಅದನ್ನು ಸೇರಿಸಿದ್ದರೆ ಕಾರಣ ಕೇಳಿ.

ಮೂರನೆಯದು ಎರಡು ಕೋಣೆ, ಒಂದು ಅಡುಗೆಮನೆಯ ಮನೆಯನ್ನು ಮೂವರು ನಾಲ್ವರು ಸೇರಿ ಹಿಡಿಯುವುದು. ಕಾಲೇಜಿನಿಂದ ನಡೆದು ಬರುವಷ್ಟು ಹತ್ತಿರವಿದ್ದರೆ ಐದು ಗಂಟೆಗೆ ಮನೆ ಸೇರಿ ಐದೂವರೆಗೆ ತಟ್ಟೆ ಮುಂದೆ ಕೂರಬಹುದು. ಬೆಳಿಗ್ಗೆಯೇ ಚಪಾತಿ, ಪಲ್ಯ ಮಾಡಿಟ್ಟು ಸಂಜೆ ಅನ್ನ, ಬೇಳೆಸಾರು ಕುಕ್ಕರಿಗೆ ಏರಿಸಿದರೆ ಆಯಿತು. ನೀರನ್ನು ತಾವೇ ಸೋಸಿಕೊಳ್ಳಬಹುದು. ಪರ್ವದ ದಿನ ಏಕಾಶನವೋ ಉಪವಾಸವೋ ಯಾರಿಗೂ ವಿವರಣೆ ಕೊಡಬೇಕಿಲ್ಲ.

ಹುಡುಕುವಾಗ ಎಡವುವ ಜಾಗಗಳು

ಮೊದಲು ತರಗತಿ ಎಲ್ಲಿ ನಡೆಯುತ್ತದೆ ಎಂದು ಖಚಿತ ಮಾಡಿಕೊಳ್ಳಬೇಕು. ತುಮಕೂರು ವಿಶ್ವವಿದ್ಯಾಲಯ ಎಂದಾಕ್ಷಣ ನಗರದೊಳಗಿನ ಹಳೆಯ ಆವರಣದ ಪಕ್ಕ ಮನೆ ನೋಡಿದರೆ ಸಾಲದು. ಸ್ನಾತಕೋತ್ತರ ವಿಭಾಗಗಳಿಗೆಂದು ಬಿದರಕಟ್ಟೆಯಲ್ಲಿ ಜ್ಞಾನಸಿರಿ ಆವರಣ ಕಟ್ಟಲಾಗಿದೆ, ಅದು ನಗರದಿಂದ ಹೊರಗಿದೆ. ನಿಮ್ಮ ಮಗುವಿನ ವಿಭಾಗ ಯಾವ ಆವರಣದಲ್ಲಿದೆ ಎಂದು ವಿಭಾಗದ ಕಚೇರಿಯಲ್ಲೇ ಕೇಳಿ, ನಂತರ ಮನೆ ನೋಡಿ. ಐದಾರು ನೂರು ರೂಪಾಯಿ ಬಾಡಿಗೆ ಉಳಿಸಲು ಹೋಗಿ ದಿನಕ್ಕೆ ಎರಡು ಬಸ್ಸು ಬದಲಿಸಿದರೆ ಸೂರ್ಯಾಸ್ತದ ಲೆಕ್ಕ ಮತ್ತೆ ತಪ್ಪುತ್ತದೆ.

ತುಮಕೂರಿನಲ್ಲಿ ವಿದ್ಯಾರ್ಥಿಗಳು ಮಾತ್ರ ಮನೆ ಹುಡುಕುತ್ತಿಲ್ಲ ಎಂಬುದೂ ನೆನಪಿರಲಿ. ವಸಂತನರಸಾಪುರ ಕೈಗಾರಿಕಾ ಪ್ರದೇಶ ಬೆಳೆಯುತ್ತಿದೆ. ಗುಬ್ಬಿ ತಾಲ್ಲೂಕಿನಲ್ಲಿ ಎಚ್.ಎ.ಎಲ್. ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾಗಿದೆ. ತಿಂಗಳ ಸಂಬಳವಿರುವ ನೌಕರನೂ ಅಪ್ಪನ ಹಣದಲ್ಲಿ ಓದುವ ಹುಡುಗನೂ ಒಂದೇ ಬಾಗಿಲು ತಟ್ಟಿದರೆ ಮಾಲೀಕರು ಯಾರಿಗೆ ಕೊಡುತ್ತಾರೆ ಎಂದು ಬೇರೆ ಹೇಳಬೇಕಿಲ್ಲ. “ಫ್ಯಾಮಿಲಿಗೆ ಮಾತ್ರ” ಎಂಬ ಬೋರ್ಡಿನ ಹಿಂದಿರುವುದು ಗಲಾಟೆಯ ಭಯ ಮತ್ತು ಅರ್ಧ ವರ್ಷದಲ್ಲಿ ಖಾಲಿ ಮಾಡಿಯಾರೆಂಬ ಭಯ.

ಮೊಬೈಲಿನಲ್ಲಿ ಮನೆ ನೋಡಿ ಹಣ ಕಳಿಸುವುದು ಬೇಡ. ಚೆಂದದ ಫೋಟೋ, ಕಡಿಮೆ ಬಾಡಿಗೆ, “ನಾನು ಸೇನೆಯಲ್ಲಿದ್ದೇನೆ, ಬೇರೆ ಊರಿಗೆ ವರ್ಗವಾಗಿದೆ, ಟೋಕನ್ ಹಾಕಿದರೆ ಬೀಗ ಕಳಿಸುತ್ತೇನೆ” ಎಂಬ ಮಾತು ಹಳೆಯ ಮೋಸದ ದಾರಿ. ಹಣ ಪಡೆಯಲು ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡುವ ಅಗತ್ಯ ಯಾವತ್ತೂ ಇರುವುದಿಲ್ಲ. ಮೋಸವಾಗಿದೆ ಎಂದು ತಿಳಿದ ಕೂಡಲೇ 1930ಕ್ಕೆ ಕರೆ ಮಾಡಿ ದೂರು ಕೊಡಬೇಕು. ತಡವಾದಷ್ಟೂ ಹಣ ತಡೆಹಿಡಿಯುವುದು ಕಷ್ಟ.

ಕರಾರುಪತ್ರದಲ್ಲಿ ಏನಿದೆ, ಏನಿರಬೇಕು

ಬಾಡಿಗೆ ಕಾನೂನು ನಮ್ಮನ್ನು ಕಾಯುತ್ತದೆ ಎಂದು ಹಲವರು ನಂಬಿದ್ದಾರೆ. 1999ರ ಕರ್ನಾಟಕ ಬಾಡಿಗೆ ಅಧಿನಿಯಮದ ವ್ಯಾಪ್ತಿಗೆ ಬರುವುದು ಬೆಂಗಳೂರಿನಂಥ ಮೊದಲ ವರ್ಗದ ಪ್ರದೇಶಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಉಳಿದ ಕಡೆ 2,000 ರೂಪಾಯಿ ಮೀರದ ಬಾಡಿಗೆಗಳು ಮಾತ್ರ. ಈಗಿನ ಮನೆಗಳಲ್ಲಿ ಬಹುಪಾಲು ಅದರ ಹೊರಗೇ ಉಳಿಯುತ್ತವೆ. ಅವಕ್ಕೆ ಅನ್ವಯಿಸುವುದು 1882ರ ಸ್ವತ್ತು ವರ್ಗಾವಣೆ ಕಾಯ್ದೆ ಮತ್ತು ನೀವು ಬರೆದುಕೊಂಡ ಕರಾರು. ಎರಡು ತಿಂಗಳಿಗಿಂತ ಹೆಚ್ಚು ಅಡ್ವಾನ್ಸ್ ಕೇಳಬಾರದೆಂದು ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ಹೇಳುತ್ತದೆ ನಿಜ. ಆದರೆ ಅದು ಮಾದರಿ. ರಾಜ್ಯವೊಂದು ತನ್ನ ಶಾಸನವಾಗಿ ತಂದಾಗ ಮಾತ್ರ ಅದಕ್ಕೆ ಬಲ. ಅದರ ಹೆಸರು ಹೇಳಿ ಮಾಲೀಕರ ಬಳಿ ವಾದಿಸಿದರೆ ಮನೆ ಕೈತಪ್ಪುತ್ತದೆ ಅಷ್ಟೆ.

ಆದ್ದರಿಂದ ಕರಾರುಪತ್ರವೇ ಕಾವಲು. ಒಂದು ವರ್ಷ ಮೀರಿದ ಕರಾರನ್ನು ನೋಂದಣಿ ಮಾಡಿಸಬೇಕಾಗುತ್ತದೆ. ಎಲ್ಲರೂ 11 ತಿಂಗಳಿಗೆ ಬರೆಯುವುದು ಅದಕ್ಕೇ. ತಿಂಗಳ ಬಾಡಿಗೆಯ ಮನೆಯನ್ನು ಖಾಲಿ ಮಾಡಿಸಲು ಕರಾರಿನಲ್ಲಿ ಬೇರೇನೂ ಬರೆದಿಲ್ಲವಾದರೆ ಕಾಯ್ದೆಯ 106ನೆಯ ಕಲಮಿನಂತೆ 15 ದಿನದ ನೋಟಿಸ್ ಸಾಕು. ಪರೀಕ್ಷೆಯ ನಡುವೆ ಹಾಗೆ ನೋಟಿಸ್ ಬಂದರೆ ಮಕ್ಕಳ ಗತಿ ಏನು? ಎರಡೂ ಕಡೆಯಿಂದ ಎರಡು ತಿಂಗಳ ನೋಟಿಸ್ ಎಂದು ಬರೆಸಿ. ಕರಾರಿನ ಅವಧಿ ಸೆಮಿಸ್ಟರ್ ಪರೀಕ್ಷೆಯ ನಂತರ ಮುಗಿಯುವಂತೆ ದಿನಾಂಕ ಹಾಕಿಸಿ. ಬಣ್ಣಕ್ಕೆಂದು ಅಡ್ವಾನ್ಸಿನಲ್ಲಿ ಎಷ್ಟು ಹಿಡಿಯುತ್ತಾರೆ, ನೀರಿಗೆ ಎಷ್ಟು, ಅಡ್ವಾನ್ಸ್ ವಾಪಸು ಎಷ್ಟು ದಿನದಲ್ಲಿ ಎಂಬುದೂ ಅಂಕಿಯಲ್ಲೇ ಇರಲಿ. ಅಡ್ವಾನ್ಸನ್ನು ಬ್ಯಾಂಕ್ ಮೂಲಕವೇ ಕೊಡಿ. ಮನೆ ಹಿಡಿದ ದಿನ ಗೋಡೆ, ನಲ್ಲಿ, ಫ್ಯಾನು, ಕಿಟಕಿಗಳ ಫೋಟೋ ತೆಗೆದು ಮಾಲೀಕರಿಗೂ ಕಳಿಸಿಡಿ. ಬಿಡುವಾಗಿನ ಜಗಳ ಅರ್ಧಕ್ಕರ್ಧ ತಪ್ಪುತ್ತದೆ.

ಸಹಿ ಯಾರದು ಎಂಬುದು ಸಣ್ಣ ವಿಷಯವಲ್ಲ. ಪದವಿಗೆ ಸೇರುವ ಎಷ್ಟೋ ಮಕ್ಕಳಿಗೆ 18 ತುಂಬಿರುವುದಿಲ್ಲ. ಅಪ್ರಾಪ್ತರು ಮಾಡಿದ ಕರಾರಿಗೆ ಕಾನೂನಿನಲ್ಲಿ ಬೆಲೆಯಿಲ್ಲ. ಆಗ ತಂದೆ ಅಥವಾ ತಾಯಿಯೇ ಬಾಡಿಗೆದಾರರಾಗಿ ಸಹಿ ಹಾಕಬೇಕು. ಉಳಿಯುವ ಮಕ್ಕಳ ಹೆಸರುಗಳನ್ನೆಲ್ಲ ಕರಾರಿನಲ್ಲಿ ಕಾಣಿಸಬೇಕು. ಪೊಲೀಸ್ ಠಾಣೆಗೆ ಮಾಹಿತಿ ಕೊಡಲು ಮಾಲೀಕರು ಆಧಾರ್ ಪ್ರತಿ ಕೇಳಿದರೆ ಮೊದಲ ಎಂಟು ಅಂಕಿ ಮುಚ್ಚಿದ ಪ್ರತಿಯನ್ನು ಆಧಾರ್ ಪ್ರಾಧಿಕಾರದ ಜಾಲತಾಣದಿಂದಲೇ ಇಳಿಸಿಕೊಂಡು ಕೊಡಬಹುದು.

ಒಬ್ಬ ಬಿಟ್ಟು ಹೋದರೆ

ಹಂಚಿಕೆಯ ಮನೆ ಮುರಿಯುವುದು ಹೆಚ್ಚಾಗಿ ಮಾಲೀಕರಿಂದಲ್ಲ, ಒಳಗಿನ ಲೆಕ್ಕದಿಂದ. ತಿಂಗಳಿಗೆ 9,000 ರೂಪಾಯಿ ಬಾಡಿಗೆಯ ಮನೆಯನ್ನು ಮೂವರು ಹಿಡಿದರು ಎನ್ನಿ. ತಲಾ 3,000. ಅಡ್ವಾನ್ಸ್ 45,000, ತಲಾ 15,000. ಡಿಸೆಂಬರಿನಲ್ಲಿ ಒಬ್ಬನಿಗೆ ಬೆಂಗಳೂರಿನಲ್ಲಿ ಸೀಟು ಸಿಕ್ಕಿ ಹೊರಟುಬಿಡುತ್ತಾನೆ. ತನ್ನ 15,000 ಕೂಡಲೇ ಕೊಡಿ ಎನ್ನುತ್ತಾನೆ. ಹಣ ಇರುವುದು ಮಾಲೀಕರ ಬಳಿ, ಅವರು ಮನೆ ಖಾಲಿಯಾಗುವವರೆಗೆ ಕೊಡುವುದಿಲ್ಲ. ಉಳಿದಿಬ್ಬರಿಗೆ ಬಾಡಿಗೆ 4,500ಕ್ಕೆ ಏರುತ್ತದೆ, ಮೇಲೆ ಗೆಳೆಯನ ಸಾಲ.

ಕಾನೂನು ಇಲ್ಲಿ ಮಾಲೀಕರ ಪರ. 1872ರ ಕರಾರು ಕಾಯ್ದೆಯ 43ನೆಯ ಕಲಮಿನಂತೆ ಹಲವರು ಸೇರಿ ಒಂದು ಮಾತು ಕೊಟ್ಟಿದ್ದರೆ, ಬೇರೆ ಒಪ್ಪಂದ ಇಲ್ಲದಾಗ, ಪೂರ್ತಿ ಹಣವನ್ನು ಅವರಲ್ಲಿ ಯಾರೊಬ್ಬರಿಂದಲಾದರೂ ಕೇಳಬಹುದು. “ನನ್ನ ಪಾಲು ಕೊಟ್ಟಿದ್ದೇನೆ” ಎಂಬ ಉತ್ತರ ಮಾಲೀಕರ ಮುಂದೆ ನಡೆಯುವುದಿಲ್ಲ. ಕೊಟ್ಟವರು ಆಮೇಲೆ ಉಳಿದವರಿಂದ ಅವರ ಪಾಲನ್ನು ವಸೂಲು ಮಾಡಿಕೊಳ್ಳಬಹುದು, ಅದು ಬೇರೆ ಮಾತು. ನಮ್ಮ ಸಣ್ಣ ಸಮಾಜದಲ್ಲಿ ಹಾಗೆ ವಸೂಲಿಗೆ ಹೊರಟರೆ ಎರಡು ಮನೆತನಗಳ ನಡುವೆ ಮಾತು ನಿಲ್ಲುತ್ತದೆ.

ಇದಕ್ಕೆ ಪರಿಹಾರ ಮನೆ ಹಿಡಿಯುವ ದಿನವೇ ಬರೆಯುವ ಒಂದು ಪುಟದ ಕಾಗದ. ಬಿಡುವವರು ಒಂದು ತಿಂಗಳು ಮೊದಲು ಹೇಳಬೇಕು. ಬದಲಿಗೆ ಒಬ್ಬರನ್ನು ತರಬೇಕು, ಇಲ್ಲವೇ ಎರಡು ತಿಂಗಳ ಪಾಲು ಕೊಡಬೇಕು. ಅಡ್ವಾನ್ಸಿನ ಪಾಲು ಹೊಸಬರು ಕೊಟ್ಟಾಗ ವಾಪಸು. ಹೊಸಬರನ್ನು ಸೇರಿಸಿಕೊಳ್ಳಲು ಮಾಲೀಕರ ಒಪ್ಪಿಗೆಯನ್ನು ಕರಾರಿನಲ್ಲೇ ಪಡೆದಿರಬೇಕು. ಈ ಕಾಗದಕ್ಕೆ ಮಕ್ಕಳ ಜೊತೆ ಅಪ್ಪ ಅಮ್ಮಂದಿರೂ ಸಹಿ ಹಾಕಲಿ. ಸ್ನೇಹವಿರುವಾಗ ಬರೆದ ಕಾಗದ ಸ್ನೇಹವನ್ನೇ ಉಳಿಸುತ್ತದೆ.

ಅಡುಗೆಮನೆಯ ನಿಯಮ ಬೇರೆ, ಜಾತಿ ಕೇಳುವುದು ಬೇರೆ

ಮನೆ ಹುಡುಕುವಾಗ ನಮ್ಮ ಮಕ್ಕಳಿಗೆ ಒಂದು ಅನುಕೂಲವಿದೆ. “ಸಸ್ಯಾಹಾರಿಗಳಿಗೆ ಮಾತ್ರ” ಎಂಬ ಬೋರ್ಡಿರುವ ಮನೆಗಳ ಬಾಗಿಲು ಜೈನರೆಂದರೆ ತೆರೆಯುತ್ತದೆ. ಅದೇ ಬಾಗಿಲಲ್ಲಿ ಅದೇ ತರಗತಿಯ ಇನ್ನೊಬ್ಬ ಹುಡುಗ ಹೆಸರು ಹೇಳಿದ ಕೂಡಲೇ ಹಿಂದಿರುಗಬೇಕಾಗುತ್ತದೆ ಎಂಬುದನ್ನು ನಾವು ಕಾಣದವರಂತೆ ಇರಬಾರದು. ನಮಗೆ ಸಿಗುವ ಸೌಕರ್ಯ ಇನ್ನೊಬ್ಬರ ಅವಮಾನದ ಮೇಲೆ ನಿಲ್ಲಬೇಕಿಲ್ಲ.

ಮೂರನೆಯ ಜೊತೆಗಾರ ಜೈನನೇ ಆಗಿರಬೇಕೆಂದು ಹಠ ಹಿಡಿದರೆ ಎಷ್ಟೋ ಸಲ ಮನೆಯೇ ಸಿಗುವುದಿಲ್ಲ, ಇಬ್ಬರ ಮೇಲೆ ಮೂವರ ಬಾಡಿಗೆ ಬೀಳುತ್ತದೆ. ನಿಜವಾಗಿ ಬೇಕಿರುವುದು ಅಡುಗೆಮನೆಯ ನಿಯಮಕ್ಕೆ ಒಪ್ಪಿಗೆ. ಈ ಮನೆಯಲ್ಲಿ ಮಾಂಸ, ಮೊಟ್ಟೆ, ಮದ್ಯ ತರುವುದಿಲ್ಲ, ನಮ್ಮ ಪಾತ್ರೆಯಲ್ಲಿ ಕಂದಮೂಲ ಬೇಯಿಸುವುದಿಲ್ಲ, ಹೊರಗೆ ಏನು ತಿನ್ನುತ್ತೀರಿ ಎಂಬುದು ನಿಮಗೆ ಬಿಟ್ಟದ್ದು. ಇಷ್ಟನ್ನು ಒಪ್ಪುವ ಗೆಳೆಯ ಯಾವ ಮನೆಯವನಾದರೇನು? ನಮ್ಮ ಮಕ್ಕಳಲ್ಲೂ ಎಲ್ಲರ ನಿಯಮ ಒಂದೇ ಅಲ್ಲ ಎಂಬುದನ್ನು ಒಪ್ಪಿಕೊಳ್ಳೋಣ. ಒಬ್ಬಳು ಚೌವಿಹಾರ ಮಾಡುತ್ತಾಳೆ, ಇನ್ನೊಬ್ಬಳು ಚಾತುರ್ಮಾಸದಲ್ಲಿ ಮಾತ್ರ, ಮತ್ತೊಬ್ಬಳು ಈರುಳ್ಳಿ ತಿನ್ನುತ್ತಾಳೆ. ಮೊದಲ ದಿನವೇ ಮಾತಾಡಿಕೊಂಡರೆ ಯಾರೂ ಯಾರಿಗೂ ಕಾವಲುಗಾರರಾಗಬೇಕಿಲ್ಲ.

ಒಲೆ ಹೂಡುವುದು ಈಗ ಸುಲಭ. ಐದು ಕಿಲೋ ಗ್ಯಾಸ್ ಸಿಲಿಂಡರನ್ನು ಗುರುತಿನ ಚೀಟಿ ತೋರಿಸಿ ಪಡೆಯಬಹುದು, ವಿಳಾಸದ ದಾಖಲೆ ಬೇಕಿಲ್ಲ. ಗೃಹಜ್ಯೋತಿ ಯೋಜನೆಯ ಉಚಿತ ವಿದ್ಯುತ್ ಬಾಡಿಗೆ ಮನೆಯವರಿಗೂ ಉಂಟು. ಮನೆಗೆ ಪ್ರತ್ಯೇಕ ಗೃಹಬಳಕೆಯ ಮೀಟರ್ ಇದೆಯೇ, ಹಿಂದಿನವರ ಆಧಾರ್ ಜೋಡಣೆ ತೆಗೆದಿದ್ದಾರೆಯೇ ಎಂದು ಮನೆ ಹಿಡಿಯುವ ಮೊದಲೇ ಕೇಳಿ. ಇನ್ನು ಹಾಸ್ಟೆಲ್ ಸೀಟು ಸಿಗದ ಅರ್ಹ ವಿದ್ಯಾರ್ಥಿಗಳಿಗೆ ಊಟ ಮತ್ತು ವಸತಿಗೆಂದು ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳು ಕೊಡುವ ವಿದ್ಯಾಸಿರಿ ಯೋಜನೆಯಿದೆ. ಆದಾಯದ ಮಿತಿ ಮತ್ತಿತರ ಷರತ್ತುಗಳುಂಟು. ಅರ್ಜಿ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲಿನಲ್ಲಿ. ಹಣ ಬರುವುದು ಆಧಾರ್ ಜೋಡಿಸಿದ ವಿದ್ಯಾರ್ಥಿಯ ಖಾತೆಗೆ. “ನಮಗೆಲ್ಲಿ ಸಿಗುತ್ತದೆ” ಎಂದು ಅರ್ಜಿಯನ್ನೇ ಹಾಕದವರು ನಮ್ಮಲ್ಲಿ ಕಡಿಮೆಯಿಲ್ಲ. ಅರ್ಹರಾದ ನಾಲ್ವರಿಗೂ ಸಿಕ್ಕರೆ ತಿಂಗಳಿಗೆ 6,000, ಬಾಡಿಗೆಯ ದೊಡ್ಡ ಪಾಲು ಅಲ್ಲೇ ಬಂತು.

ಹಿರಿಯರು ಕಂಡುಕೊಂಡ ದಾರಿ

ಈ ಪ್ರಶ್ನೆ ನಮ್ಮ ಸಮಾಜಕ್ಕೆ ಮೊದಲ ಸಲ ಬಂದದ್ದಲ್ಲ. 1899ರಲ್ಲಿ ಈಗಿನ ಬೆಳಗಾವಿ ಜಿಲ್ಲೆಯ ಸ್ತವನಿಧಿ ಕ್ಷೇತ್ರದಲ್ಲಿ ದಕ್ಷಿಣ ಮಹಾರಾಷ್ಟ್ರ ಜೈನ ಸಭೆ ಹುಟ್ಟಿದಾಗ ಹಿರಿಯರ ಮುಂದಿದ್ದದ್ದೂ ಇದೇ. ಹಳ್ಳಿಯ ರೈತನ ಮಗ ಪಟ್ಟಣದ ಶಾಲೆಗೆ ಬಂದರೆ ಎಲ್ಲಿ ಉಣ್ಣಬೇಕು, ಎಲ್ಲಿ ಮಲಗಬೇಕು? ಅವರು ಕಟ್ಟಿದ್ದು ಬೋರ್ಡಿಂಗುಗಳನ್ನು. ಕೊಲ್ಲಾಪುರದಲ್ಲಿ ಶಾಹು ಮಹಾರಾಜರ ಪ್ರೋತ್ಸಾಹದಿಂದ ಒಂದು, ಮುಂದೆ ಸಾಂಗಲಿ, ಬೆಳಗಾವಿ, ಹುಬ್ಬಳ್ಳಿಗಳಲ್ಲಿ. ಅಣ್ಣಾಸಾಹೇಬ ಲಠ್ಠೆಯವರಂಥವರು ಆ ಚಳವಳಿಯ ಮುಂದಾಳುಗಳು. ಉಜಿರೆಯಲ್ಲಿ ಮಂಜಯ್ಯ ಹೆಗ್ಗಡೆಯವರು 1940ರಲ್ಲಿ ಸಿದ್ಧವನ ಗುರುಕುಲ ಆರಂಭಿಸಿದರು. ಓದು ಎಂದರೆ ಶಾಲೆಯಷ್ಟೇ ಅಲ್ಲ, ಅನ್ನವೂ ಸೂರೂ ಸೇರಿದ್ದು ಎಂದು ಇವರೆಲ್ಲ ಅರಿತಿದ್ದರು.

ಹಾಗಾದರೆ ತುಮಕೂರಿನಲ್ಲೂ ಒಂದು ಬೋರ್ಡಿಂಗ್ ಕಟ್ಟಿಬಿಡೋಣವೇ? ಆಸೆ ಒಳ್ಳೆಯದು. ಆದರೆ ನಿವೇಶನ, ಕಟ್ಟಡ, ಅಡುಗೆಯವರು, ವಾರ್ಡನ್, ಗಂಡು ಹೆಣ್ಣು ಮಕ್ಕಳಿಗೆ ಬೇರೆ ಬೇರೆ ವ್ಯವಸ್ಥೆ ಎಂದರೆ ಕೋಟಿಯ ಮಾತು, ಹತ್ತು ವರ್ಷದ ಮಾತು. ಈ ವರ್ಷ ಸೀಟು ಸಿಕ್ಕ ಹುಡುಗಿ ಅಷ್ಟು ಕಾಯಲಾರಳು.

ಕಟ್ಟಡಕ್ಕಿಂತ ಮೊದಲು ನಿಧಿ

ಅಡ್ವಾನ್ಸಿನ ಸ್ವಭಾವವನ್ನು ಗಮನಿಸಿ. ಅದು ಖರ್ಚಾಗುವ ಹಣವಲ್ಲ, ಸಿಕ್ಕಿಹಾಕಿಕೊಳ್ಳುವ ಹಣ. ಮನೆ ಬಿಟ್ಟಾಗ ಬಣ್ಣದ ಖರ್ಚು ಕಳೆದು ವಾಪಸು ಬರುತ್ತದೆ. ನಾಲ್ವರ ಮನೆಯೊಂದಕ್ಕೆ 50,000 ಅಡ್ವಾನ್ಸ್ ಎಂದು ಲೆಕ್ಕ ಹಿಡಿದರೆ 2 ಲಕ್ಷ ರೂಪಾಯಿಯ ನಿಧಿಯಿಂದ ನಾಲ್ಕು ಮನೆ, 16 ಮಕ್ಕಳು. ಒಂದು ಮಗುವಿನ ಪಾಲು 12,500. ಕುಟುಂಬ ಅದನ್ನು ತಿಂಗಳಿಗೆ 1,250ರಂತೆ ಹತ್ತು ತಿಂಗಳಲ್ಲಿ ನಿಧಿಗೆ ತುಂಬಿದರೆ ಮುಂದಿನ ವರ್ಷದ 16 ಮಕ್ಕಳಿಗೆ ಅದೇ ಹಣ ಸಿದ್ಧ. ಮಾಲೀಕರ ಬಳಿ ಇರುವ ಅಡ್ವಾನ್ಸ್ ಆಗ ಕುಟುಂಬದ್ದೇ ಆಗುತ್ತದೆ. ಕೂಲಿಯವರೂ ಅಲ್ಲದ, ಸಿರಿವಂತರೂ ಅಲ್ಲದ ನಮ್ಮ ಸಣ್ಣ ಅಂಗಡಿಯ, ಸಣ್ಣ ಹಿಡುವಳಿಯ ಮನೆಗಳಿಗೆ ಜುಲೈ ತಿಂಗಳಲ್ಲಿ ಕಾಲೇಜು ಶುಲ್ಕದ ಜೊತೆ 12,500 ಹೊಂದಿಸುವುದೇ ಭಾರ. ತಿಂಗಳಿಗೆ 1,250 ಭಾರವಲ್ಲ. ಒಂದು ಪಂಚಕಲ್ಯಾಣದ ಅಥವಾ ಒಂದು ಮದುವೆಯ ಖರ್ಚಿನ ಮೂಲೆಯಲ್ಲಿ ಈ 2 ಲಕ್ಷ ಇದೆ.

ಎರಡನೆಯ ಅಡ್ಡಿ ನಂಬಿಕೆ. ತುಮಕೂರಿನಲ್ಲಿ ನೆಲೆಸಿರುವ ನಮ್ಮ ಒಂದೊಂದು ಮನೆ ವಿದ್ಯಾರ್ಥಿಗಳ ಒಂದೊಂದು ಮನೆಗೆ ಸ್ಥಳೀಯ ಪೋಷಕರಾಗಲಿ. ಮಾಲೀಕರಿಗೆ ಊರಲ್ಲೇ ಒಂದು ಫೋನ್ ನಂಬರ್, ತಿಂಗಳಿಗೊಮ್ಮೆ ಬಂದು ಮನೆ ನೋಡಿಹೋಗುವ ಒಬ್ಬ ಹಿರಿಯರು ಇದ್ದರೆ “ಫ್ಯಾಮಿಲಿಗೆ ಮಾತ್ರ” ಎಂಬ ಬೋರ್ಡು ಎಷ್ಟೋ ಕಡೆ ಮಣಿಯುತ್ತದೆ. ಹೆಣ್ಣುಮಕ್ಕಳ ತಾಯಂದಿರ ಅರ್ಧ ಚಿಂತೆಯೂ ಅಲ್ಲಿಗೆ ಕಳೆಯುತ್ತದೆ. ಪೋಷಕರು ಬಾಡಿಗೆಗೆ ಜಾಮೀನು ನಿಲ್ಲಬೇಕಿಲ್ಲ. ಅದನ್ನು ಕರಾರಿನಲ್ಲಿ ಸ್ಪಷ್ಟವಾಗಿ ಬರೆದರೆ ಮುಂದೆ ಬರುವವರೂ ಹೆಚ್ಚುತ್ತಾರೆ.

ಮೂರನೆಯದಕ್ಕೆ ಹಣವೇ ಬೇಡ. ಮೇ ತಿಂಗಳಲ್ಲಿ ನಾಲ್ಕೂ ತಾಲ್ಲೂಕಿನ ಸಮಾಜದವರು ಒಂದು ಪಟ್ಟಿ ಮಾಡಲಿ: ಯಾವ ಮಕ್ಕಳು ಹೊರಡುತ್ತಿದ್ದಾರೆ, ಯಾವ ಕಾಲೇಜಿಗೆ, ಯಾವ ಮನೆಯ ಹಿರಿಯ ವಿದ್ಯಾರ್ಥಿಗಳು ಓದು ಮುಗಿಸಿ ಮನೆ ಬಿಡುತ್ತಿದ್ದಾರೆ. ಬಿಡುವವರ ಮನೆಯೇ ಸೇರುವವರ ಮನೆಯಾದರೆ ದಲ್ಲಾಳಿಯೂ ಬೇಡ, ಮಾಲೀಕರಿಗೆ ಪರಿಚಯವೂ ಬೇಡ. ಒಲೆ, ಕುಕ್ಕರ್, ನೀರು ಸೋಸುವ ಬಟ್ಟೆ ಎಲ್ಲವೂ ಅಲ್ಲೇ ಇರುತ್ತವೆ.

ನಿಯಮ ಬಿಟ್ಟರು ಎಂದು ಮಕ್ಕಳನ್ನು ದೂರುವುದು ಸುಲಭ. ಸಂಜೆ ಐದೂವರೆಗೆ ಅವರ ಮುಂದೆ ತಟ್ಟೆ ಇತ್ತೇ ಎಂದು ಕೇಳಿಕೊಳ್ಳುವುದು ಕಷ್ಟ. ಆಹಾರದಾನ, ಶಾಸ್ತ್ರದಾನ, ಔಷಧದಾನ, ಅಭಯದಾನ ಎಂದು ನಾಲ್ಕನ್ನು ನಾವು ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತೇವೆ. ಓದುವ ಮಗುವಿಗೆ ಒಂದು ಅಡುಗೆಮನೆ ಒದಗಿಸಿದರೆ ಅದರಲ್ಲಿ ಎರಡು ಒಟ್ಟಿಗೆ ಸಂದಂತೆ. ಈ ವರ್ಷದ ಸೀಟು ಹಂಚಿಕೆಗೆ ಮೊದಲು ಮಧುಗಿರಿಯಲ್ಲೋ ಶಿರಾದಲ್ಲೋ ಒಂದು ಭಾನುವಾರ ನಾಲ್ಕು ತಾಲ್ಲೂಕಿನವರು ಸೇರಿ ಕೂತರೆ ಸಾಕು, ಕೆಲಸ ಅಲ್ಲಿಂದಲೇ ಶುರುವಾಗುತ್ತದೆ.

ಜೈ ಜಿನೇಂದ್ರ.